ದೊಡ್ಡ ಕೂಸಿಗೊಂದು ಆಟಿಗಿ

ಕೂಸಿಗಿ ಎಣ್ಣಿ ಹಚ್ಚಿ ಕಾಲ ಮ್ಯಾಲ ಹಾಕ್ಕೊಂಡು ಕುಂತಾಕಿ ಎದ್ದು ಓಡಲಿಕ್ಕ ಬರೂದಿಲ್ಲ. ಮನ್ಯಾಗ ಏನಾರ ಆಗೂದಿದ್ರ ಸರೀ ಅದೇ ಹೊತ್ತಿಗಿ ಆಗ್ತದ. ಬೀದರದಾಗ, ಭಾಲ್ಕ್ಯಾಗ, ಔರಾದದಾಗ ಎಷ್ಟು ಕೂಸಿಗಿ ನೀರು ಎರದೀನೋ ನನಗೇ ಗೊತ್ತಿಲ್ಲ. ಆದ್ರ ಎರೀಲಿಕ್ಕ ಕುಂತಾಗ ಆದದ್ದು ಒಂದೂ ಮರ್ತಿಲ್ಲ.

ಬಾಣಂತಿ ಮನಿಗಿ ಹೋಗಿ ಕೂಸಿಗಿ ಎರಿಯೂದು ಮೊದಲ ನಮ್ಮತ್ತಿ ಕೆಲಸ. ಆಕಿ ಕೈ ಸೋತ ಮ್ಯಾಲ ನನಗ ಬಂತು. ಹಸಿ ಕೂಸಿಂದೇನು ಕಾಟ ಇರೂದಿಲ್ಲ. ಒಂದಿಷ್ಟು ಅಳ್ತದ, ಬಿಸಿನೀರು ಬಿದ್ದ ಕೂಡ್ಲೆ ಮಲಗ್ತದ. ಕಾಟ ಇರೂದು ಅದರಕಿಂತ ಮೊದಲ ಹುಟ್ಟಿದ್ದರದು, ಎರಡು ವರ್ಷದ ದೊಡ್ಡ ಕೂಸಿಂದು. ನಿನ್ನಿ ತನಕ ಅವ್ವನ ತೊಡಿ ತಂದೇ ಇತ್ತು, ಇವತ್ತು ಅಲ್ಲಿ ಬ್ಯಾರೇದು ಮಲಗ್ಯಾದ. ಅದಕ್ಕ ಸಿಟ್ಟು. ಹಂಡೇದ ನೀರಾಗ ಬೂದಿ ಹಾಕ್ತದ, ನನ್ನ ಸೆರಗು ಜಗ್ತದ. ಒಂದು ಕೂಸಂತೂ ನನ್ನ ಬೆನ್ನೇ ಕಚ್ಚಿತ್ತು. ಅವತ್ತಿನಿಂದ ನಾ ಮೊದಲ ದೊಡ್ಡ ಕೂಸಿಗಿ ಒಂದು ಆಟಿಗಿ ಮಾಡಿ ಕೊಟ್ಟೇ ನೀರಿಗಿ ಕೈ ಹಾಕ್ತಿದ್ದೆ. ಬಜಾರದ ಆಟಿಗಿ ಅಲ್ಲ. ಆ ಮನ್ಯಾಗ ಏನು ಬಿದ್ದಿರ್ತದ, ಅದರಿಂದೇ.

ಬುರುಡಿ ಗಿಲಗಂಚಿ

ಬೀದರದಾಗ ಕಚೇರಿ ಗುಮಾಸ್ತರದೊಂದು ಮನಿ. ಅಲ್ಲಿ ದೊಡ್ಡ ಕೂಸು ಹೆಣ್ಣು. ಅಡಗಿ ಮನಿ ಮೂಲ್ಯಾಗ ಮುಷ್ಟಿಯಷ್ಟು ಒಂದು ಸೋರಿಬುರುಡಿ ಒಣಗಿ ಬಿದ್ದಿತ್ತು. ಅದರಾಗ ನಾಕು ಸಣ್ಣ ಕಲ್ಲಿನ ಹಳ್ಳು ಹಾಕಿ, ಬಾಯಿಗಿ ಚಿಂದಿ ತುರುಕಿ, ಮ್ಯಾಲ ಅರಗು ಕಾಸಿ ಬಿಟ್ಟೆ, ಹಳ್ಳು ಹೊರಗ ಬಂದು ಕೂಸಿನ ಬಾಯಾಗ ಹೋಗಬಾರದಂತ. ಹುಡುಗಿ ಅದನ್ನ ಗಿಲಗಿಲ ಆಡಿಸ್ಕೋತ ಮನಿಯೆಲ್ಲ ತಿರಗ್ತು.

ಆ ಮನಿ ಮುತ್ಯಾಗ ಎಷ್ಟೋ ವರ್ಷದಿಂದ ಕಿವಿ ಕೇಳ್ತಿದ್ದಿಲ್ಲ. ಪಡಸಾಲ್ಯಾಗ ಮಲಗಿದ್ದ. ಹುಡುಗಿ ಹೋಗಿ ಅವನ ಕಿವಿ ಹತ್ತಿರನೇ ಆಡಿಸ್ತು. ಮುತ್ಯಾ ಎದ್ದು ಕುಂತ. ಏನೋ ಸಪ್ಪಳ ಆಯ್ತಲ್ಲ ಅಂದ. ಮತ್ತೊಮ್ಮೆ ಆಡಿಸು ಅಂದ. ಅವನ ಕಣ್ಣಾಗ ನೀರೇ ಬಂತು. ಮನಿ ಮಂದಿಗೆಲ್ಲ ಖುಷಿ, ನನಗ ಒಂದು ಕುಬಸದ ಅರಿವಿ ಕೊಟ್ರು.

ಮರುದಿನ ಹೋಗಿ ನೋಡ್ತೇನಿ, ಗಿಲಗಂಚಿ ಮುತ್ಯಾನ ದಿಂಬಿನ ಕೆಳಗ ಅದ, ಹುಡುಗಿ ನೆಲಕ್ಕ ಬಿದ್ದು ಹೊರಳಾಡ್ಲಕತ್ತದ. ಮುತ್ಯಾ ಕೊಡಲಿಕ್ಕ ಒಲ್ಲ. ಹುಡುಗಿಗಿ ಮತ್ತೊಂದು ಮಾಡಿ ಕೊಟ್ಟೆ. ಅಲ್ಲಿಂದ ಮುತ್ಯಾ ನೀರು ಬೇಕಾದ್ರ ಗಿಲಗಂಚಿ ಆಡಸ್ತಿದ್ದ, ರೊಟ್ಟಿ ಬೇಕಾದ್ರ ಗಿಲಗಂಚಿ ಆಡಸ್ತಿದ್ದ. ಅವ ಆಡಿಸಿದ ಕೂಡ್ಲೆ ಹುಡುಗಿ ತಂದೂ ಆಡಸ್ತಿತ್ತು. ಎರಡೂ ಕೂಡಿ ಗದ್ದಲ ಮಾಡಿದ ಕೂಡ್ಲೆ ಹಸಿ ಕೂಸು ಎದ್ದು ಅಳ್ತಿತ್ತು. ನಾಕನೇ ದಿನಕ್ಕ ಬಾಣಂತಿ ನನ್ನ ಕೈ ಹಿಡದು ಹೇಳಿದ್ಳು:

“ಅವ್ವಾ, ಎರಡು ಕೂಸು ಸಂಭಾಳಸೂದು ಆಗವಲ್ದಂತ ನಿನಗ ಕರಿಸಿದೆ. ಈಗ ಮೂರು ಮಾಡಿ ಕೊಟ್ಟಿ ನೋಡು.”

ಚಿಂದಿ ಗೊಂಬಿ

ಬೀದರದಾಗ ನಾ ಎರದ ಹುಡುಗಿಯರೇ ಲಗ್ನಾಗಿ ಭಾಲ್ಕಿಗಿ ಹೋದ್ರು. ತಮಗ ಕೂಸಾದಾಗ ನನಗೇ ಬಂಡಿ ಕಳಸ್ತಿದ್ರು. ಅಂಥಾಕಿ ಒಬ್ಬಾಕಿದು ಅರಿವಿ ಅಂಗಡಿ ಸಾವುಕಾರರ ಮನಿ. ಅಲ್ಲೂ ದೊಡ್ಡ ಕೂಸು ಹೆಣ್ಣು. ಗೊಂಬಿ ಮಾಡ್ತೇನಿ, ಒಂದು ಮೆತ್ತಗಿನ ಹಳೀ ಅರಿವಿ ಕೊಡು ಅಂದೆ. ಬಾಣಂತಿ ಮಲಗಿದಲ್ಲಿಂದೇ ಪೆಟ್ಟಿಗಿ ತೋರಿಸಿ, ಬಣ್ಣ ಹೋದ ಕೆಂಪು ಅರಿವಿ ಅದರಾಗ ಅದ, ಯಾರಿಗೂ ಬೇಕಾಗಿಲ್ಲ ಅಂದ್ಳು.

ಅರಿವಿ ಭಾಳ ಉದ್ದ ಇತ್ತು. ಕತ್ತರಿಸಿ ಹೊಲದೆ, ಒಳಗ ಹತ್ತಿ ತುಂಬಿದೆ, ಕಾಡಿಗಿಲೆ ಕಣ್ಣು ಬರದೆ. ಉಳದ ತುಂಡು ಗೊಂಬಿ ತಲೀಗಿ ಪಟಗಾ ಸುತ್ತಿದೆ. ಹುಡುಗಿ ಗೊಂಬಿನ ನೋಡಿದ್ದೇ ‘ಮುತ್ಯಾ’ ಅಂತ ಹೆಸರಿಟ್ಟು ಎದಿಗಿ ಅವಚಿಕೊಂಡ್ತು.

ಮಧ್ಯಾಹ್ನ ಆಕಿ ಮಾವ, ಸಾವುಕಾರರು, ಊಟಕ್ಕ ಬಂದ್ರು. ಮೊಮ್ಮಗಳ ಕೈಯಾಗಿನ ಗೊಂಬಿ ನೋಡಿದ್ರು. ಹೋಗಿ ಪೆಟ್ಟಿಗಿ ತೆಗೆದು ನೋಡಿ ಬಂದು, ಅದು ತಮ್ಮ ಲಗ್ನದ ರುಮಾಲು ಅಂತ ಹೇಳಿದ್ರು. ಬೀಗರ ಮನಿ ಲಗ್ನಕ್ಕೆಲ್ಲ ಅದನ್ನೇ ಸುತ್ತಿಕೊಂಡು ಹೋಗ್ತಿದ್ದರಂತ. ಬಾಣಂತಿ ಮುಸುಕಾಗ ಮುಖ ಮುಚ್ಚಿಕೊಂಡ್ಳು. ಸಾವುಕಾರರು ಬೈಲಿಲ್ಲ. ಹೊಲಿಗಿ ಬಿಚ್ಚಿ ಮತ್ತ ಕೂಡಿಸಿದ್ರ ಆಗ್ತದೇನಂತ ಗೊಂಬಿ ತೊಡಿ ಮ್ಯಾಲ ಇಟ್ಕೊಂಡು ಕತ್ತರಿ ಹಿಡದ್ರು. ಆಗ ಹುಡುಗಿ ಅವರ ಕೈ ಹಿಡದು ಅಳ್ಕೋತ ಅಂತು: “ಮುತ್ಯಾನ ಹೊಟ್ಟಿ ಕೊಯ್ಯಬ್ಯಾಡ.”

ಸಾವುಕಾರರು ಕತ್ತರಿ ಕೆಳಗ ಇಟ್ರು. ಮುಂದಿನ ವಾರ ಸಾಯಗಾಂವದಾಗ ಅವರ ತಂಗಿ ಮಗನ ಲಗ್ನ ಇತ್ತು. ಕರಿ ಟೋಪಿ ಹಾಕ್ಕೊಂಡು ಹೋದ್ರು. ಕಂಡವರೆಲ್ಲ ರುಮಾಲು ಎಲ್ಲಿ, ಯಾಕ ಸುತ್ತಿಲ್ಲ ಅಂತ ಕೇಳಿದ್ರಂತ. ಅದಕ್ಕ ಅವರು ಹೇಳಿದ್ದು ಇಷ್ಟೇ:

“ಹ್ಯಾಂಗ ತರ್ಲಿರಿ? ಮೊಮ್ಮಗಳ ಬಾಜೂಕ ಮಲಗಿತ್ತು.”

ದಂಟಿನ ಬಂಡಿ

ಭಾಲ್ಕಿ ಬಾಜೂಕಿನ ಭಾತಂಬ್ರಾದಾಗ ಒಂದು ಒಕ್ಕಲತನದ ಮನಿ. ಅಲ್ಲಿ ದೊಡ್ಡ ಕೂಸು ಗಂಡು. ಅಪ್ಪ ಬಂಡಿ ಹೂಡಿದ್ರ ತಾನೂ ಹೋಗಬೇಕಂತ ದಿನಾ ಹಟ. ಅಂಗಳದಾಗ ಜೋಳದ ದಂಟು ಒಟ್ಟಿದ್ರು. ನಾ ಸಿಪ್ಪಿ ಸುಲದು, ಒಳಗಿನ ಬೆಂಡು ಕೊಯ್ದು ಎರಡು ಗಾಲಿ ಮಾಡಿದೆ. ಸಿಪ್ಪೀದೇ ಕಡ್ಡಿ ಚುಚ್ಚಿ ಬಂಡಿ ಕೂಡಿಸಿದೆ, ತುದಿ ಕೂಸಿಗಿ ಚುಚ್ಚಬಾರದಂತ ಕಲ್ಲಿಗಿ ತಿಕ್ಕಿದೆ. ನೂಲು ಕಟ್ಟಿ ಹುಡುಗನ ಕೈಯಾಗ ಕೊಟ್ಟು, ಒಳಗ ಬಂದು ಹಸಿ ಕೂಸಿಗಿ ನೀರು ಹಾಕ್ಲಿಕ್ಕ ಕುಂತೆ.

ಒಂದು ಚರಗಿ ನೀರು ಹಾಕೂದ್ರಾಗ ಹುಡುಗನ ನಗಿ ನಿಂತು ಅಳು ಕೇಳ್ತು. ಬಚ್ಚಲ ಬಾಗಲದಿಂದ ನೋಡಿದ್ರ, ಹುಡುಗ ಮುಂದ, ಅವನ ಹಿಂದ ಬಂಡಿ, ಬಂಡಿ ಹಿಂದ ಅವರ ಮನಿ ಬಿಳಿ ಎತ್ತು. ಗೂಟ ಕಿತ್ಕೊಂಡು ಬಂದಿತ್ತು. ಒಂದು ಗಾಲಿ ಆಗಲೇ ತಿಂದಿತ್ತು, ಎರಡನೇದಕ್ಕ ನಾಲಿಗಿ ಚಾಚಿತ್ತು. ಎತ್ತು ಸಾಧು, ಹುಡುಗಗೂ ಅದರದೇನು ಅಂಜಿಕಿ ಇಲ್ಲ, ಬಂಡಿ ಹೋಗ್ತದಂತ ಅಳು ಅಷ್ಟೇ. ಅವ ಜಗ್ಗಿಕೊಂಡು ಓಡ್ದಂಗ ಎತ್ತೂ ಹೆಜ್ಜಿ ಹಾಕ್ಲಕತ್ತಿತ್ತು. ಹಿಂಗ ಮೂರು ಸುತ್ತು ತಿರಗಿದ್ರು. ಹೊಲದಿಂದ ಬಂದ ಹುಡುಗನ ಅಪ್ಪ ಬಾಗಲಾಗೇ ನಿಂತು ನೋಡಿ ನನಗ ಕೂಗಿ ಹೇಳಿದ:

“ಅವ್ವಾ, ನಮ್ಮ ಮನ್ಯಾಗ ಎತ್ತು ಬಂಡಿ ಎಳೀತಿತ್ತು. ನಿನ್ನ ಬಂಡಿ ಎತ್ತಿಗೇ ಎಳೀಲಕತ್ತದಲ್ಲ.”

ಗಡಗಿ ಡೋಲು

ಔರಾದದಾಗ ಆದದ್ದು ನೆನಸಿದ್ರ ಈಗ ಹೊಟ್ಟಿ ಹಿಡಕೊಂಡು ನಗ್ತೇನಿ. ಅವತ್ತು ಮಾತ್ರ ಜೀವ ಬಾಯಿಗಿ ಬಂದಿತ್ತು.

ಅದು ಪೋಲೀಸ್ ಅಮೀನರ ಮನಿ. ಆಗ ಠಾಣಾದ ದೊಡ್ಡವರಿಗಿ ಅಮೀನ ಸಾಹೇಬ್ರು ಅಂತಿದ್ರು. ಮೀಸಿ ದೊಡ್ಡದು, ಮಾತು ಕಡಿಮಿ. ಮುಂದಿನ ಪಡಸಾಲಿನೇ ಅವರ ಕಚೇರಿ, ಪರದಾದ ಹಿಂದ ಮನಿ. ಅವರ ಬೀಬಿ ಮಾತ್ರ ಭಾಳ ಸರಳ, ನನ್ನ ಕೂಡ ನಮ್ಮ ಮಾತಾಗೇ ಮಾತಾಡ್ತಿದ್ರು. ದೊಡ್ಡ ಮಗನಿಗಿ ಏನಾರ ಬಡಿಯೂದಂದ್ರ ಜೀವ. ಹಸಿ ಕೂಸಿನ ಕಿವಿ ಬಾಜೂಕೇ ತಾಟು ಬಡೀತಿದ್ದ.

ತಳ ಒಡದ ಒಂದು ಸಣ್ಣ ಗಡಗಿ ಸಿಕ್ತು. ಡೋಲು ಮಾಡ್ತೇನಿ, ಒಂದು ದಪ್ಪ ಕಾಗದ ಬೇಕು ಅಂದೆ. ನಾನು, ಬೀಬಿ ಹುಡುಕೂದ್ರಾಗ ಹುಡುಗನೇ ಎಲ್ಲಿಂದೋ ಒಂದು ತಂದು ಕೊಟ್ಟ. ನನಗ ಓದ್ಲಿಕ್ಕ ಬರೂದಿಲ್ಲ. ಕಾಗದದ ಮ್ಯಾಲ ಕೆಂಪು ಮೊಹರು ಇತ್ತು. ಚಂದ ಕಾಣ್ತದಂತ ಅದು ಸರೀ ನಡುವ ಬರೂವಂಗ ಗಡಗಿ ಬಾಯಿಗಿ ಹಿಟ್ಟಿನ ಅಂಟು ಹಚ್ಚಿ ಬಿಗಿದೆ, ಕೊಳ್ಳಾಗ ಹಾಕ್ಕೊಳ್ಲಿಕ್ಕ ದಾರ ಕಟ್ಟಿದೆ. ಬಿಸಲಾಗ ಒಣಗಿದ ಮ್ಯಾಲ ಸಪ್ಪಳ ಭಾಳ ಚಲೋ ಬಂತು.

ಮರುದಿನ ಮುಂಜಾನಿ ಮನಿಯೆಲ್ಲ ಬುಡಮೇಲಾಗಿತ್ತು. ಬೀದರದಿಂದ ದೊಡ್ಡ ಸಾಹೇಬ್ರು ಅವತ್ತೇ ತಪಾಸಣಿಗಿ ಬರೂವವರಿದ್ರು. ಬಜಾರದಾಗ ದನ ಬಿಡಬಾರದು, ಇದನ್ನ ಊರಾಗ ಡಂಗುರ ಹೊಡೆಸಿ ಸಾರಬೇಕಂತ ಅವರು ಮೊದಲೇ ಹುಕುಮು ಕಳಸಿದ್ರು. ಅಮೀನ ಸಾಹೇಬ್ರು ಇವತ್ತು ಮಾಡಿದ್ರಾಯ್ತು, ನಾಳಿ ಮಾಡಿದ್ರಾಯ್ತು ಅಂತ ಬಿಟ್ಟಿದ್ರು. ಈಗ ಡಂಗುರಂತೂ ಹೋಗ್ಲಿ, ಹುಕುಮಿನ ಕಾಗದನೇ ಇಲ್ಲ. ಜವಾನರು ಗಾದಿ ಎತ್ತಿ ಹುಡುಕಿದ್ರು, ಪೆಟ್ಟಿಗಿ ಬರಿದು ಮಾಡಿದ್ರು. ಬೀಬಿ ನನ್ನ ಮುಖ ನೋಡಿದ್ರು, ನಾ ಡೋಲಿನ ಕಡಿ ನೋಡಿದೆ. ಬೀಬಿ ಅದನ್ನ ತಿರುವಿ ಓದಿ, ತೊಟ್ಟಿಲದ ಕೆಳಗ ದುಪ್ಪಟಿಯಾಗ ಮುಚ್ಚಿಟ್ರು.

“ಗಪ್ ಇರು,” ಅಂದ್ರು. “ಸಾಹೇಬ್ರು ಹೋಗ್ಲಿ. ಆಮ್ಯಾಲ ನಾನೇ ಹೇಳ್ತೇನಿ.”

ನನಗ ಗಡಗಿ ಸಮೇತ ಠಾಣಾದಾಗ ಕೂಡಿಸ್ತಾರಂತ ತಿಳಕೊಂಡೆ.

ಸಾಹೇಬ್ರು ಬಂದು ಪಡಸಾಲ್ಯಾಗ ಕುಂತ್ರು. ನಾ ಪರದಾದ ಹಿಂದ ಕೂಸಿಗಿ ಎಣ್ಣಿ ಹಚ್ಲಕತ್ತಿದ್ದೆ. ಬೀಬಿ ಚಹಾ ಮಾಡ್ಲಿಕ್ಕ ಹೋಗಿದ್ರು. ಡಂಗುರ ಆಯ್ತೇನಂತ ಸಾಹೇಬ್ರು ಕೇಳಿದ್ದು ಕೇಳ್ತು. ಅಮೀನ ಸಾಹೇಬ್ರು ಅಂದ್ರು: “ಹೌದು ಹುಜೂರ್. ಹೊಡೆಸೀನಿ.”

ಅಷ್ಟರಾಗ ಹುಡುಗ ದುಪ್ಪಟಿ ಜಗ್ಗಿ ಡೋಲು ಕೊಳ್ಳಾಗ ಹಾಕ್ಕೊಂಡ. ನಾ ಒಂದು ಕೈಲೆ ಕೂಸು ಹಿಡದು ಇನ್ನೊಂದು ಕೈ ಚಾಚಿದೆ. ಕೈಗಿ ಪರದಾ ಸಿಕ್ತು, ಹುಡುಗ ಸಿಗಲಿಲ್ಲ. ಸೀದಾ ಸಾಹೇಬ್ರ ಮುಂದ ಹೋಗಿ ನಿಂತು, ಹೊಸಾ ಮನಷ್ಯಾ ಸಿಕ್ಕಾನಂತ ಧಬಧಬ ಬಡದ. ಅಮೀನ ಸಾಹೇಬ್ರ ಮುಖ ಬೂದಿಯಂಗ ಆಯ್ತು.

ಸಾಹೇಬ್ರು ಹುಡುಗಗ ತೊಡಿ ಮ್ಯಾಲ ಕೂಡಿಸಿಕೊಂಡ್ರು. ಮೊಹರು ನೋಡಿದ್ರು. ಚಷ್ಮಾ ಹಾಕ್ಕೊಂಡು, ಗಡಗಿ ಗುಂಡಗ ತಿರುವಿಕೋತ ಪೂರಾ ಓದಿದ್ರು. ಆಮ್ಯಾಲ ನಗಿಗಿ ಅವರ ಹೊಟ್ಟಿ ಕುಣೀಲಕತ್ತು.

“ಅಮೀನ ಸಾಹೇಬ್ರು ಸುಳ್ಳು ಹೇಳಿಲ್ಲ,” ಅಂದ್ರು. “ನನ್ನ ಹುಕುಮಿನ ಮ್ಯಾಲೇ ಹೊಡೆಸ್ಲಕತ್ತಾರ.”

ಅಮೀನ ಸಾಹೇಬ್ರು ತಲಿ ತಗ್ಗಿಸಿ ಇದ್ದದ್ದು ಇದ್ದಂಗ ಒಪ್ಪಿಕೊಂಡ್ರು. ಸಾಹೇಬ್ರು ಆಗಿಂದಾಗ ಡಂಗುರದವನಿಗಿ ಕರಿಸಿ, ಬಜಾರದಾಗ ಸಪ್ಪಳ ಕೇಳೂ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಹೋಗೂವಾಗ ಈ ಡೋಲು ಮಾಡಿದವರು ಯಾರಂತ ಕೇಳಿದ್ರು. ನಾ ಪರದಾದ ಹಿಂದಿಂದೇ, ನಾನೇರಿ, ತಪ್ಪಾಯ್ತರಿ ಅಂದೆ. ಸಾಹೇಬ್ರು ಅಮೀನರ ಕಡಿ ತಿರುಗಿ ಹೇಳಿದ್ರು:

“ಇನ್ನ ಮ್ಯಾಲ ನನ್ನ ಹುಕುಮು ಈ ಅವ್ವನ ಹೆಸರಿಗೇ ಕಳಸ್ತೇನಿ. ಆಕಿ ಕೈಯಾಗ ಸಿಕ್ರ ಮರುದಿನನೇ ಡಂಗುರ ಆಗ್ತದ.”