ಕರ್ನಲ್ ಸಾಹೇಬರ ಪಕ್ಕದ ಕುರ್ಚಿ

ಬಡಾವಣೆಯ ಸಂಘಕ್ಕೆ ಯಾರೂ ಕಾರ್ಯದರ್ಶಿಯಾಗಿ ಆಯ್ಕೆಯಾಗುವುದಿಲ್ಲ, ಸಿಕ್ಕಿಬೀಳುತ್ತಾರೆ. ನಾನು ಸಿಕ್ಕಿಬಿದ್ದದ್ದು ಒಂದು ಭಾನುವಾರದ ಸಭೆಯಲ್ಲಿ ತೂಕಡಿಸುತ್ತಿದ್ದಾಗ. ಕಣ್ಣು ಬಿಟ್ಟರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ತಟ್ಟಿದೆ. ಅವತ್ತಿನಿಂದ ಜೆ.ಪಿ. ನಗರದ ನಮ್ಮ ಬಡಾವಣೆಯಲ್ಲಿ ಬೀದಿದೀಪ ಕೆಟ್ಟರೂ, ಮೇಲಿನ ಮನೆಯವರು ಒಣಹಾಕಿದ ಪಂಚೆ ಕೆಳಗಿನ ಮನೆಯ ತುಳಸಿಕಟ್ಟೆ ಮೇಲೆ ಬಿದ್ದರೂ ಫೋನು ಬರುವುದು ನನಗೇ. ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಆದರೆ ಕಳೆದ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ನನಗೆ ಕೊಟ್ಟ ಕಾಟವನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ.

ಪ್ರತಿವರ್ಷ ಪಾರ್ಕಿನಲ್ಲಿ ಧ್ವಜ ಏರಿಸುವವರು ನಮ್ಮ ಅಧ್ಯಕ್ಷರಾದ ರಂಗಪ್ಪನವರು. ಈ ಬಡಾವಣೆ ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ರಂಗಪ್ಪನವರು ಅದೇ ಮಣ್ಣಿನಲ್ಲಿ ಬಾಡಿಗೆ ಮನೆಗಳನ್ನು ಬೆಳೆಯುತ್ತಾರೆ. ಈ ಸಲ ಅವರೇ, 'ಮೂರ್ತಿಗಳೇ, ನಂದು ಸಾಕು. ಮೂರನೇ ಕ್ರಾಸಿಗೆ ಯಾರೋ ಕರ್ನಲ್ ಬಂದಿದಾರಂತಲ್ಲ, ಅವರನ್ನ ಕರೀರಿ' ಅಂದರು. ಉಪಾಧ್ಯಕ್ಷ ಶೇಷಗಿರಿಯವರಿಗಂತೂ ಆನಂದವೋ ಆನಂದ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಅವರಿಗೆ ಸೈನ್ಯದ ಶಿಸ್ತೆಂದರೆ ಪ್ರಾಣ. ಪಾರ್ಕಿನ ಗೇಟಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸಿ ಬಂದು ಶಿಸ್ತಿನ ಮೇಲೆ ಅರ್ಧ ಗಂಟೆ ಮಾತಾಡಬಲ್ಲವರು.

ಕರ್ನಲ್ ಜಯರಾಂ ಅವರ ಮನೆಗೆ ಹೋದೆ. ಐವತ್ತರ ಆಸುಪಾಸಿನ ನೆಟ್ಟಗಿನ ಮನುಷ್ಯ. ಕಾಫಿ ತಂದುಕೊಟ್ಟವರು ಅವರ ಜೊತೆಗಿರುವ ಸುಧಾಕರ್, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಕರ್ನಲ್ ತಕ್ಷಣ ಒಪ್ಪಿಕೊಂಡರು. 'ಒಂದೇ ಒಂದು ಮಾತು ಸಾರ್. ಸುಧಾಕರ್ ನನ್ನ ಪಕ್ಕದಲ್ಲಿ ಕೂತ್ಕೋಬೇಕು. ನಾವಿಬ್ಬರೂ ಗೇ. ಇಪ್ಪತ್ತೈದು ವರ್ಷದಿಂದ ಒಟ್ಟಿಗಿದೀವಿ, ಗಂಡ ಹೆಂಡತಿ ಇರೋ ಹಾಗೆ. ಸರ್ವೀಸಲ್ಲಿ ಮುಚ್ಚಿಟ್ಟಿದ್ದು ಸಾಕಾಗಿದೆ, ಇನ್ನು ಆಗಲ್ಲ.'

'ಅದಕ್ಕೇನಂತೆ, ಧಾರಾಳವಾಗಿ' ಅಂದೆ. ಹೇಳುವಾಗ ಬಿಸಿ ಕಾಫಿ ನಾಲಿಗೆ ಸುಟ್ಟಿತು. ಮುಖ ಕಿವುಚಿದ್ದು ಆ ಕಾರಣಕ್ಕೇ ಎಂದು ಅವರಿಗೆ ಗೊತ್ತಾಗಿರಲಿ ಎಂದು ಬೇಡಿಕೊಂಡೆ. ದಾರಿಯುದ್ದಕ್ಕೂ ನನ್ನ ವಿಶಾಲ ಮನಸ್ಸಿನ ಬಗ್ಗೆ ನನಗೇ ಹೆಮ್ಮೆಯಾಯಿತು. ಹೆಂಡತಿ ಪದ್ಮಾಗೆ ಹೇಳಿದರೆ, 'ಕುರ್ಚಿ ಕೊಡೋದರಲ್ಲಿ ಏನು ವಿಶಾಲ?' ಎಂದು ಹುರುಳಿಕಾಯಿ ನಾರು ತೆಗೆಯುತ್ತ ಕೂತಳು.

ಸಮಿತಿಯಲ್ಲಿ ವಿಷಯ ಇಟ್ಟೆ. ಶೇಷಗಿರಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, 'ಅಂಥವರನ್ನ ಸೈನ್ಯಕ್ಕೆ ಸೇರಿಸ್ಕೋಬಹುದಾ ಅನ್ನೋದೇ ಮೂಲ ಪ್ರಶ್ನೆ' ಅಂದರು.

'ಸಾರ್, ಅವರು ಸೇರಿ, ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ನಿವೃತ್ತಿಯಾಗಿ, ಮೂರನೇ ಕ್ರಾಸಲ್ಲಿ ಮನೆ ಮಾಡಿದಾರೆ' ಅಂದೆ.

'ಅದು ಬೇರೆ. ನಾನು ತತ್ವದ ಮಾತಾಡ್ತಿದೀನಿ. ಒಂದೇ ಬ್ಯಾರಕ್ಕು, ಒಂದೇ ಬಂಕರು. ಶಿಸ್ತು ಉಳಿಯುತ್ತಾ?'

'ಉಳಿದಿದೆಯಲ್ಲ ಸಾರ್, ಇಪ್ಪತ್ತೆರಡು ವರ್ಷ.'

'ಯಾರಿಗೂ ಗೊತ್ತಿರಲಿಲ್ಲ, ಅದಕ್ಕೆ ಉಳೀತು.'

ಮಹಿಳಾ ವಿಭಾಗದ ವಿಮಲಾ ಮೇಡಂ ಮಧ್ಯಸ್ಥಿಕೆಗೆ ಬಂದರು. 'ಅವರು ಅಂಥವರಾಗಿರೋದರಲ್ಲಿ ನನಗೇನೂ ತೊಂದರೆ ಇಲ್ಲಪ್ಪ. ಆದರೆ ಹೇಳ್ಕೊಂಡು ಯಾಕೆ ತಿರುಗಬೇಕು?' ನಾನು, 'ನೀವು ಹೋದಲ್ಲೆಲ್ಲ ನಮ್ಮ ಯಜಮಾನ್ರು ಹೀಗಂದ್ರು, ನಮ್ಮ ಯಜಮಾನ್ರು ಹಾಗಂದ್ರು ಅಂತೀರಲ್ಲ ಮೇಡಂ' ಅಂದೆ. ಅದು ನನ್ನ ತಪ್ಪು. ಆಮೇಲಿನ ಹದಿನೈದು ನಿಮಿಷ ಚರ್ಚೆ ಅವರ ಯಜಮಾನರ ಮೇಲೆ ನಡೆಯಿತು. ಕೋರ್ಟು ಇದು ಅಪರಾಧವಲ್ಲ ಎಂದಿದೆಯಲ್ಲ ಎಂದು ನೆನಪಿಸಿದೆ. 'ಅದು ನಮಗೆ ನಿಮಗೆ. ಸೈನ್ಯಕ್ಕೆ ಅದರದ್ದೇ ಕಾನೂನು' ಎಂದು ಶೇಷಗಿರಿ ಬಾಯಿ ಮುಚ್ಚಿಸಿದರು. ಕೊನೆಗೆ ಇಡೀ ದೇಶದ ರಕ್ಷಣೆಯ ಪ್ರಶ್ನೆ ಕುಗ್ಗುತ್ತ ಕುಗ್ಗುತ್ತ ಬಂದು ಕುರ್ಚಿಗೆ ನಿಂತಿತು: ಕರ್ನಲ್ ಬರಲಿ, ಧ್ವಜ ಏರಿಸಲಿ, ವೇದಿಕೆಯ ಮೇಲೆ ಎರಡನೇ ಕುರ್ಚಿ ಮಾತ್ರ ಬೇಡ. ರಂಗಪ್ಪನವರು ಇಷ್ಟು ಹೊತ್ತೂ ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಕೂತಿದ್ದರು. ಪಾಪ, ಹಳ್ಳಿಯ ಹಿರಿಯರು, ಇದೆಲ್ಲ ಅರ್ಥವಾಗಿರಲಾರದು ಅಂದುಕೊಂಡೆ.

ಮೆತ್ತಗೆ ಹೇಳಿ ಒಪ್ಪಿಸೋಣವೆಂದು ಮತ್ತೆ ಕರ್ನಲ್ ಮನೆಗೆ ಹೋದೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. 'ಸೈನ್ಯಕ್ಕೆ ಸೇರಿಸಬಹುದಾ ಅಂತ ಚರ್ಚೆ ಆಯ್ತಾ?' ಎಂದು ನಕ್ಕರು. 'ನಮ್ಮಂಥವರು ಸೈನ್ಯದಲ್ಲಿ ಯಾವಾಗಲೂ ಇದ್ರು ಸಾರ್. ಇರಬಹುದಾ ಅನ್ನೋದಲ್ಲ ಪ್ರಶ್ನೆ, ಬಾಯಿ ಬಿಡಬಹುದಾ ಅನ್ನೋದು.' ಆಮೇಲೆ ತಮ್ಮ ಕಥೆ ಹೇಳಿದರು. ಸುಧಾಕರರ ಕಾಗದಗಳು 'ಸುಧಾ' ಎಂಬ ಹೆಸರಿನಲ್ಲಿ ಬರುತ್ತಿದ್ದವಂತೆ. ಜೊತೆಯವರಿಗೆಲ್ಲ ಸುಧಾ ಎಂದರೆ ಇವರು ಮದುವೆಯಾಗಲಿರುವ ಬೆಂಗಳೂರಿನ ಹುಡುಗಿ. ಮದುವೆ ಯಾವಾಗ ಎಂದು ಕೇಳಿದರೆ, ಅವಳ ಅಪ್ಪ ಒಪ್ಪುತ್ತಿಲ್ಲ ಎನ್ನುವುದು. ಹೀಗೆ ಒಂಬತ್ತು ವರ್ಷ ಆ ಅಪ್ಪ ಒಪ್ಪಲಿಲ್ಲ. ಕೊನೆಗೆ ಮೇಲಧಿಕಾರಿಯೊಬ್ಬರು, ಒಳ್ಳೆಯ ಮನುಷ್ಯ, 'ನಾನೇ ಬೆಂಗಳೂರಿಗೆ ಬಂದು ಅವರಪ್ಪನ ಹತ್ತಿರ ಮಾತಾಡ್ತೀನಿ' ಎಂದು ಹೊರಟು ನಿಂತರು.

'ಬೇರೆ ದಾರಿ ಇರಲಿಲ್ಲ. ಅವತ್ತು ಸುಧಾಗೆ ಬೇರೆ ಮದುವೆ ಮಾಡಿಸಿಬಿಟ್ಟೆ' ಅಂದರು ಕರ್ನಲ್. 'ಗೆಳೆಯರು ಮೂರು ದಿನ ನನ್ನನ್ನ ಒಬ್ಬನೇ ಬಿಡಲಿಲ್ಲ. ಸಮಾಧಾನ ಮಾಡಿದ್ರು, ಊಟ ಮಾಡಿಸಿದ್ರು. ಅಷ್ಟು ಪ್ರೀತಿಸೋ ಜನಕ್ಕೆ ಸುಳ್ಳು ಹೇಳ್ತಿದೀನಲ್ಲ ಅಂತ ನಿಜವಾಗ್ಲೂ ಅತ್ತೆ. ಅವರು ಸುಧಾಗೋಸ್ಕರ ಅಂದ್ಕೊಂಡ್ರು.'

ನಾನು ನಕ್ಕೆ. ಅವರೂ ನಕ್ಕರು. ಅಷ್ಟರಲ್ಲಿ ಒಳಗಿನಿಂದ ಬಂದ ಸುಧಾಕರ್, 'ಮಾರನೇ ವರ್ಷ ನನಗೆ ಹಾರ್ಟ್ ಆಪರೇಷನ್ ಆಯ್ತು ಸಾರ್. ಬೇರೆಯವರನ್ನ ಮದುವೆಯಾದ ಹುಡುಗಿಗೆ ಹುಷಾರಿಲ್ಲ ಅಂತ ಯಾರು ರಜ ಕೊಡ್ತಾರೆ? ಇವರು ಬಂದಿದ್ದು ಐದು ತಿಂಗಳ ಮೇಲೆ' ಎಂದು ಕಾಫಿ ಇಟ್ಟರು. ಅವರ ದನಿಯಲ್ಲಿ ದೂರು ಇರಲಿಲ್ಲ. ಕರ್ನಲ್ ಮಾತ್ರ ಕಿಟಕಿಯ ಕಡೆ ತಿರುಗಿದರು. ನಾನು ಕುರ್ಚಿಯ ಮಾತೆತ್ತದೆ ಕಾಫಿ ಕುಡಿದು ಎದ್ದು ಬಂದೆ.

ಮುಂದಿನ ಸಭೆಯಲ್ಲಿ ನೇರವಾಗಿ, 'ಎರಡನೇ ಕುರ್ಚಿ ಇಲ್ಲದಿದ್ದರೆ ನನ್ನ ರಾಜೀನಾಮೆ ತಗೊಳ್ಳಿ' ಅಂದೆ. ಎಲ್ಲರೂ ತಕ್ಷಣ ಮೆತ್ತಗಾದರು. ನನ್ನ ಮೇಲಿನ ಗೌರವದಿಂದಲ್ಲ; ಬೋರ್‌ವೆಲ್ ಮೋಟಾರು ಅದೇ ವಾರ ಸುಟ್ಟುಹೋಗಿತ್ತು. ಅದನ್ನು ರಿಪೇರಿ ಮಾಡಿಸುವವರು ಯಾರೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಕುರ್ಚಿ ಸರ್ವಾನುಮತದಿಂದ ಅಂಗೀಕಾರವಾಯಿತು. ಶೇಷಗಿರಿಯವರು, 'ತತ್ವದ ಪ್ರಶ್ನೆ ಹಾಗೇ ಉಳಿದಿದೆ ಅಂತ ಬರ್ಕೊಳ್ಳಿ' ಅಂದರು. ಹಲ್ಲು ಕಚ್ಚಿಕೊಂಡು ಬರೆದುಕೊಂಡೆ.

ಆಗಸ್ಟ್ ಹದಿನೈದರ ಬೆಳಿಗ್ಗೆ ಪಾರ್ಕು ತುಂಬಿತ್ತು. ಕರ್ನಲ್ ಬಂದರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ಸುಧಾಕರ್. ಇಬ್ಬರೂ ಕೂತರು. ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ಗೆದ್ದವನ ಹಾಗೆ ಮೈಕು ಹಿಡಿದೆ. ಕರ್ನಲ್ ಅವರ ಪರಿಚಯ ಸೊಗಸಾಗಿ ಮಾಡಿದೆ. ಸುಧಾಕರ್ ಕಡೆ ತಿರುಗಿದೆ. ಮೊದಲ ಸಾಲಿನಲ್ಲಿ ಶೇಷಗಿರಿ, ವಿಮಲಾ ಮೇಡಂ, ಮೇಡಂ ಅವರ ಯಜಮಾನರು, ಹಿಂದೆ ಬಡಾವಣೆಗೆ ಬಡಾವಣೆಯೇ. 'ಹಾಗೂ, ಕರ್ನಲ್ ಸಾಹೇಬರ ಆತ್ಮೀಯ ಮಿತ್ರರೂ, ಖ್ಯಾತ ಶಿಕ್ಷಣತಜ್ಞರೂ ಆದ ಸುಧಾಕರ್ ಅವರು' ಎಂದು ನನ್ನ ಬಾಯಿ ಹೇಳಿಬಿಟ್ಟಿತು. ಆ ಮಾತನ್ನು ಹೇಳೆಂದು ಯಾರೂ ನನಗೆ ಹೇಳಿರಲಿಲ್ಲ.

ರಂಗಪ್ಪನವರು ಎದ್ದು ಬಂದು ಮೈಕನ್ನು ತಮ್ಮ ಕಡೆ ಎಳೆದುಕೊಂಡರು. 'ಮೂರ್ತಿಗಳು ಸರಿಯಾಗಿ ಹೇಳಲಿಲ್ಲ. ಇವರು ಕರ್ನಲ್ ಸಾಹೇಬರ ಮನೆಯವರು. ಬನ್ನಿ ಸಾರ್, ಬಿಸಿಲು ಬರೋದರೊಳಗೆ ಧ್ವಜ ಏರಿಸಿಬಿಡೋಣ.' ಎಲ್ಲೋ ಒಂದಿಬ್ಬರು ಕೆಮ್ಮಿದರು. ಧ್ವಜ ಏರಿತು. ಶೇಷಗಿರಿ ಎಲ್ಲರಿಗಿಂತ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು, ಆಮೇಲೆ ಎರಡು ಲಾಡು ತಿಂದು ಯಾರ ಜೊತೆಗೂ ಮಾತಾಡದೆ ಸ್ಕೂಟರ್ ಹತ್ತಿ ಹೋದರು.

ನಿಮಗೆ ಹೇಗೆ ಆ ಮಾತು ಹೊಳೆಯಿತು ಎಂದು ರಂಗಪ್ಪನವರನ್ನು ಕೇಳಿದೆ. 'ಮೂವತ್ತು ವರ್ಷದಿಂದ ಬಾಡಿಗೆ ಮನೆ ಕೊಡ್ತಿದೀನಿ ಕಣ್ರೀ. ಟ್ಯಾಂಕು ತುಂಬಿ ಹರಿದಾಗ ಇಬ್ಬರಲ್ಲಿ ಯಾರು ಯಾರನ್ನ ಬಯ್ತಾರೆ ಅನ್ನೋದರಲ್ಲೇ ಗೊತ್ತಾಗುತ್ತೆ, ಮನೆಯವರೋ ಅಲ್ವೋ ಅಂತ' ಅಂದರು.

ತಲೆ ತಗ್ಗಿಸಿಕೊಂಡು ಕರ್ನಲ್ ಹತ್ತಿರ ಹೋದೆ. ಕ್ಷಮೆ ಕೇಳುವ ಮೊದಲೇ ಅವರು ನನ್ನ ಭುಜದ ಮೇಲೆ ಕೈಯಿಟ್ಟರು. 'ಇಪ್ಪತ್ತೆರಡು ವರ್ಷ ನಾನೂ ಹಾಗೇ ಹೇಳ್ಕೊಂಡು ಬಂದೆ ಸಾರ್. ನನಗಾದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು. ನಿಮಗೆ ಏನಿತ್ತು?'

ಅವರು ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದರು, ಉತ್ತರಕ್ಕೆ ಕಾದರು ಕೂಡ. ನಾನು ಶೇಷಗಿರಿಯವರು ಎದ್ದುಹೋದ ಮೊದಲ ಸಾಲಿನ ಕುರ್ಚಿಯ ಕಡೆ ನೋಡಿದೆ. ಮೂರು ವಾರ ಮನೆಯಲ್ಲಿ, ಬೀದಿಯಲ್ಲಿ, ಪದ್ಮಾಳ ಕಿವಿ ತೂತಾಗುವಷ್ಟು ಶೇಷಗಿರಿಯವರನ್ನು ಬೈದುಕೊಂಡು ಓಡಾಡಿದ್ದೆನಲ್ಲ, ಆ ಮಹಾರಾಯರು ಕನಿಷ್ಠ ಪಕ್ಷ ನಾಲ್ಕು ಜನರೆದುರಿಗೆ ತಮ್ಮ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದರು.