ಮದರಾಸಿನಿಂದ ಕಂಡ ಹೊಗೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ನನ್ನನ್ನು ಹಿಡಿದು ಕೇಳುವಂತಿಲ್ಲ. ಬೇರೆಯವರ ನೆನಪು ಹೇಗೋ ಕಾಣೆ, ನನ್ನದಕ್ಕಂತೂ ಒಗ್ಗರಣೆ ಹಾಕುವ ಚಟ. ಬೆಳಿಗ್ಗೆ ನಡೆದ ಸಂಗತಿ ಸಂಜೆಯ ಹೊತ್ತಿಗೆ ಬೇರೆಯೇ ರುಚಿ ಹಿಡಿದಿರುತ್ತದೆ. ಇದು ಗೊತ್ತಿದ್ದೇ ಮದರಾಸಿನ ಕಾಲೇಜಿಗೆ ಸೇರಿದ ದಿನದಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಒಂದು ತಗಡಿನ ಪೆಟ್ಟಿಗೆಯ ತುಂಬ ಅವೇ ಪುಸ್ತಕಗಳು. ನನ್ನ ಹೆಂಡತಿ ಮಾದಿ ಆ ಪೆಟ್ಟಿಗೆಯ ಮುಂದೆ ಹಾದುಹೋದಾಗಲೆಲ್ಲ, "ಇದರಲ್ಲಿ ಬಿತ್ತನೆಯ ಆಲೂಗಡ್ಡೆಯನ್ನಾದರೂ ಇಡಬಹುದಿತ್ತು" ಎನ್ನುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ದಿನಚರಿಯಲ್ಲಿರುವುದು ಸತ್ಯ. ಒಂದೇ ತೊಂದರೆಯೆಂದರೆ, ಅದನ್ನು ತೆಗೆದು ನೋಡುವ ಬುದ್ಧಿ ನಮಗೆ ಬರುವುದು ಸುಳ್ಳು ಹೇಳಿ ಮುಗಿದ ಮೇಲೆ.

ನಾನು ಊಟಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ನಮ್ಮ ಬಡಗರ ಹಟ್ಟಿಗಳಲ್ಲಿ ಆಗ ಬಿ.ಎ. ಆದವರು ಬೆರಳೆಣಿಕೆಯಷ್ಟು. ಹೀಗಾಗಿ ಮಾದಿಯ ತವರಾದ ಮೇಲಹಟ್ಟಿಗೆ ನಾನು ಹೋದರೆ ಸಾಕು, ಗಂಡಸರೆಲ್ಲ ಸುತ್ತುಕಲ್ಲಿನ ಮೇಲೆ ಬಂದು ಕೂರುತ್ತಿದ್ದರು. ಸುತ್ತುಕಲ್ಲೆಂದರೆ ಊರ ನಡುವಿನ ಕಲ್ಲುಜಗಲಿ. ನ್ಯಾಯ, ಹರಟೆ ಎರಡೂ ನಡೆಯುವುದು ಅಲ್ಲೇ. ನಾನು ಓದಿದ್ದೇನು ಎಂದು ಒಬ್ಬರೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದುದು ಮದರಾಸಿನ ಕಟ್ಟಡಗಳು. ನಾನು ಹೇಳುತ್ತಿದ್ದೆ: ಕಡಲ ಕಡೆಗೆ ಮುಖ ಮಾಡಿ ನಿಂತ ವಿಶ್ವವಿದ್ಯಾಲಯದ ಸೆನೆಟ್ ಹೌಸು, ಅದರ ಬಣ್ಣದ ಗಾಜು, ತಿಮಿಂಗಿಲದ ಎಲುಬಿಟ್ಟಿರುವ ಮ್ಯೂಸಿಯಮ್ಮು, ಹೈಕೋರ್ಟಿನ ನೆತ್ತಿಯ ಮೇಲೆ ಗೋಪುರದಂತೆ ನಿಂತ ದೀಪಸ್ತಂಭ. ದೀಪಸ್ತಂಭಕ್ಕೆ ಬಂದಾಗ ಎಲ್ಲರೂ ಮುಂದಕ್ಕೆ ಸರಿದು ಕೂರುತ್ತಿದ್ದರು. ಹಾಗೆ ಸರಿದು ಕೂತವರಿಗೆ ಬರಿಯ ದೀಪಸ್ತಂಭ ಕೊಟ್ಟು ಕಳಿಸುವುದು ಹೇಗೆ? ಮೊದಲ ವರ್ಷ, "ಅಷ್ಟು ಎತ್ತರದಿಂದ ನಮ್ಮ ದೊಡ್ಡಬೆಟ್ಟವೂ ಕಾಣಬಹುದೇನೋ" ಎಂದೆ. ಮರುವರ್ಷ, "ಕಾಣುತ್ತದಂತೆ" ಎಂದೆ. ಮೂರನೆಯ ವರ್ಷದ ಹೊತ್ತಿಗೆ ನಾನೇ ಹತ್ತಿ ನೋಡಿದ್ದೆ: ಪಡುವಣದ ಅಂಚಿನಲ್ಲಿ, ಮೊಸರಿನ ಮೇಲೆ ಬಿದ್ದ ಕಾಡಿಗೆಯ ಗುರುತಿನಷ್ಟು ನೀಲಿ. ಆ ಕಾಡಿಗೆಯ ಗುರುತು ನನ್ನ ಕಣ್ಣಿಗೆ ಎಷ್ಟು ಕಟ್ಟಿತ್ತೆಂದರೆ, ಯಾರಾದರೂ ಸುಳ್ಳೆಂದಿದ್ದರೆ ನನಗೆ ನಿಜವಾಗಿ ಸಿಟ್ಟು ಬರುತ್ತಿತ್ತು.

ಯಾರೂ ಸುಳ್ಳೆನ್ನಲಿಲ್ಲ. ಬದಲಿಗೆ ನನ್ನ ಮಾವ ನಂಜಗೌಡರು ಒಂದು ಮೇ ತಿಂಗಳು, ಆಲೂಗಡ್ಡೆಯ ಕೆಲಸದಿಂದ ಕೈ ಬಿಡುವಾದಾಗ, ಸುತ್ತುಕಲ್ಲಿನ ಮೇಲೆ ಎಲ್ಲರೆದುರಿಗೆ, "ಅಳಿಯ, ನಿನಗೆ ರಜೆ. ನನ್ನನ್ನು ಮದರಾಸಿಗೆ ಕರಕೊಂಡು ಹೋಗು. ಅಲ್ಲಿಂದ ನಮ್ಮ ಬೆಟ್ಟ ನೋಡಬೇಕು" ಎಂದರು. (ನಮ್ಮ ಮಾತು ಬಡಗ, ಎಲ್ಲರಿಗೂ ತಿಳಿಯಲೆಂದು ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅರ್ಧ ಖಾರ ಹೋಯಿತು, ಏನು ಮಾಡಲಿ.) ನಾನು ಬಿಸಿಲು ಎಂದೆ, ಸೊಳ್ಳೆ ಎಂದೆ. ಅಷ್ಟರಲ್ಲಿ ಮಾವನ ತಾಯಿ, ಊರಿಗೆಲ್ಲ ಹಿರಿಯಜ್ಜಿಯಾದ ಹೆತ್ತೆ, ಬಾಗಿಲಿನಿಂದಲೇ ಕೂಗಿ ಹೇಳಿದಳು: "ಬೆಟ್ಟ ಒಂದೇ ಯಾಕೆ? ನಾವು ಇಲ್ಲಿ ಬೆಟ್ಟದ ನೆತ್ತಿಯ ಮೇಲೆ ಬೆಂಕಿ ಹಾಕುತ್ತೇವೆ. ಹಸಿ ಸೊಪ್ಪು ಒಟ್ಟಿದರೆ ಹೊಗೆ ಆಕಾಶ ಮುಟ್ಟುತ್ತದೆ. ನಂಜ ಅಲ್ಲಿಂದ ನಮ್ಮ ಹೊಗೆ ನೋಡಲಿ!"

ಊರಿಗೆ ಊರೇ ಎದ್ದು ಕುಣಿಯಿತು. ಶನಿವಾರ, ಹೊತ್ತು ನೆತ್ತಿಗೆ ಬಂದಾಗ, ಎಂದು ನಿಶ್ಚಯವಾಯಿತು. ನೀವು ನೀಲಗಿರಿ ಮರ ಎನ್ನುವ ಕರ್ಪೂರದ ಮರದ ಸೊಪ್ಪು ಯಾರು ಎಷ್ಟು ಹೊರೆ ತರಬೇಕೆಂಬ ಲೆಕ್ಕವೂ ಆಯಿತು. "ಕೆಳಹಟ್ಟಿಯವರಿಗೆ ಸುಳಿವು ಕೊಡಬೇಡಿ, ಅವರೂ ಹೊಗೆ ಹಾಕಿಯಾರು" ಎಂದು ಒಬ್ಬ ಎಚ್ಚರಿಸಿದ. ಮಗಳನ್ನು ಕೊಟ್ಟ ಮಾವ, ಮರ್ಯಾದೆ ಕೊಟ್ಟ ಊರು, ಎರಡೂ ಒಂದೇ ದಿನ ನನ್ನ ಕೈಬಿಡಲಿವೆ ಎಂದು ನನಗೆ ಆಗಲೇ ಗೊತ್ತಾಗಿ ಹೋಯಿತು.

ಮನೆಗೆ ಬಂದು ಮುಖ ಸಪ್ಪೆ ಮಾಡಿಕೊಂಡು ಕೂತೆ. ಮಾದಿ ಕೇಳಿದಳು: "ನಿಜವಾಗಿ ಹತ್ತಿದ್ದಿರೋ ಇಲ್ಲವೋ?"

"ಹತ್ತಿದ ನೆನಪಿದೆಯಲ್ಲ!"

"ಪೆಟ್ಟಿಗೆಯಲ್ಲಿ ಏನು ಬರೆದಿದೆ?"

ಪೆಟ್ಟಿಗೆ ತೆಗೆದೆ. ಹುಡುಕಿದೆ. ಸಿಕ್ಕಿತು. ಅದರಲ್ಲಿದ್ದುದಿಷ್ಟು: "ದೀಪಸ್ತಂಭಕ್ಕೆ ಹೋದೆ. ಹನ್ನೊಂದಕ್ಕೇ ಬಾಗಿಲು ಹಾಕುತ್ತಾರಂತೆ, ಹತ್ತಲಾಗಲಿಲ್ಲ. ಎದುರು ಬೀದಿಯ ಉಡುಪಿಯವರ ಹೋಟೆಲಿನಲ್ಲಿ ಎರಡು ತಟ್ಟೆ ಕೇಸರಿಬಾತು. ದ್ರಾಕ್ಷಿ ಧಾರಾಳ." ಓದಿ ಹೇಳಿದಾಗ ಮಾದಿ ನಕ್ಕ ನಗೆಗೆ ಒಲೆಯ ಮೇಲಿನ ಹಾಲು ಉಕ್ಕಿಹೋಯಿತು. ನಾಲ್ಕು ವರ್ಷ ಮದರಾಸಿನಲ್ಲಿದ್ದ ಪದವೀಧರನ ದಿನಚರಿಯಲ್ಲಿ ಕಟ್ಟಡಗಳಿಗಿಂತ ತಿಂಡಿಯೇ ಹೆಚ್ಚು ಎಂಬುದು ನನಗೆ ಆ ದಿನವೇ ತಿಳಿದದ್ದು. ಪದವಿ ಪಡೆದ ದಿನದ ಪುಟದಲ್ಲಿ ಕೂಡ ಇದ್ದುದು ಎರಡೇ ಮಾತು: "ಗೌನು ಉದ್ದ. ಎಡವಿದೆ." ಆದರೂ ಆ ಹಾಳು ಪುಟದಲ್ಲಿ ನನ್ನನ್ನು ಉಳಿಸುವ ಒಂದು ಮಾತಿತ್ತು: ಹನ್ನೊಂದಕ್ಕೆ ಬಾಗಿಲು. ಹೊಗೆ ಏಳುವುದು ನಡುಹಗಲಿಗೆ. ಹನ್ನೊಂದು ದಾಟುವವರೆಗೆ ಮಾವನನ್ನು ಬೇರೆಲ್ಲಾದರೂ ತಿರುಗಿಸಿದರೆ ತೀರಿತು. ಸತ್ಯಕ್ಕೆಂದು ಬರೆದಿಟ್ಟ ದಿನಚರಿ ಸುಳ್ಳಿಗೆ ಇಷ್ಟು ಚೆನ್ನಾಗಿ ಒದಗಿ ಬಂದೀತೆಂದು ನಾನು ಎಣಿಸಿರಲಿಲ್ಲ.

ಹೊರಡುವ ಬೆಳಿಗ್ಗೆ ಮಾವ ರುಮಾಲು ತೆಗೆದು ಹೆತ್ತೆಯ ಮುಂದೆ ತಲೆ ಬಾಗಿಸಿ ನಿಂತರು. ಇದು ನಮ್ಮಲ್ಲಿ ಪದ್ಧತಿ. ಚಿಕ್ಕವರು ತಲೆ ಬಾಗಿಸಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸಲೇಬೇಕು. ಹರಸಿದ ಮೇಲೆ ಆ ತಲೆಯ ಹೊಣೆ ಅವರದು. ಮೊಮ್ಮಕ್ಕಳನ್ನು ಕಂಡ ಮಾವ ತಾಯಿಯೆದುರು ಶಾಲೆಯ ಹುಡುಗನಂತೆ ನಿಂತದ್ದು ನೋಡಿ ನನಗೆ ಎಲ್ಲ ಹೇಳಿಬಿಡಬೇಕೆನಿಸಿತು. ಆದರೆ ರೈಲಿಗೆ ಹೊತ್ತಾಗಿತ್ತು. ಬೆಟ್ಟದ ಪುಟ್ಟ ರೈಲು, ಕೆಳಗೆ ದೊಡ್ಡ ರೈಲು. ಬೆಳಗಾದಾಗ ಕಿಟಕಿಯ ಹೊರಗೆ ಬಯಲೋ ಬಯಲು. ಮಾವ ಬಹಳ ಹೊತ್ತು ನೋಡಿ ಹೇಳಿದರು: "ಇಷ್ಟು ದೂರ ಓಡಿ ಬಂದ ಮೇಲೂ ಕಾಣುತ್ತದೆಂದರೆ, ನಮ್ಮ ಬೆಟ್ಟ ಸಾಮಾನ್ಯದ್ದಲ್ಲ ಬಿಡು." ನಾನು ಕೆಮ್ಮಿದೆ.

ಶನಿವಾರ ಬೆಳಿಗ್ಗೆ ಮಾವನನ್ನು ಟ್ರಾಮಿನಲ್ಲಿ ಕೂರಿಸಿ ಸುತ್ತಿಸತೊಡಗಿದೆ. ಮ್ಯೂಸಿಯಮ್ಮಿನಲ್ಲಿ ತಿಮಿಂಗಿಲದ ಎಲುಬಿನ ಕೆಳಗೆ ನಿಂತು ಅವರು, "ಹೆಂಚು ಹೊದಿಸಿದರೆ ಎರಡು ಸಂಸಾರ ಇರಬಹುದು" ಎಂದರು. ಒಂದು ವಿಷಯ ನನಗೆ ಹೊಳೆದಿರಲೇ ಇಲ್ಲ: ನಮ್ಮ ಮನೆಗಳಲ್ಲಿ ಹಾಲುಮನೆ ಎಂಬ ಒಳಕೋಣೆಯೊಂದಿರುತ್ತದೆ, ಮಡಿಯಲ್ಲಿ ಹಾಲು ಮೊಸರು ಇಡುವ, ಕಂಡವರು ಕಾಲಿಡಕೂಡದ ಜಾಗ. ಅದಿಲ್ಲದ್ದನ್ನು ನಮ್ಮವರು ಮನೆಯೆನ್ನುವುದಿಲ್ಲ. ಮಾವ ಮದರಾಸಿನ ಪ್ರತಿಯೊಂದು ಕಟ್ಟಡವನ್ನೂ ಆ ಒಂದೇ ಅಳತೆಯಲ್ಲಿ ಅಳೆಯುತ್ತ ಬಂದರು. ಸೆನೆಟ್ ಹೌಸಿನಲ್ಲಿ ಮೂಲೆಮೂಲೆ ಇಣುಕಿದರು.

"ಹಾಲು ಎಲ್ಲಿಡುತ್ತಾರೆ?"

"ಇಲ್ಲಿ ಹಾಲಿಡುವುದಿಲ್ಲ ಮಾವ. ವರ್ಷಕ್ಕೊಮ್ಮೆ ಪದವಿ ಕೊಡುತ್ತಾರೆ."

"ಉಳಿದ ದಿನ?"

"ಪರೀಕ್ಷೆ... ಸಭೆ... ಹೆಚ್ಚಾಗಿ ಖಾಲಿ."

"ಪಾಪ" ಎಂದರು, ಯಾರಿಗೆಂದು ತಿಳಿಯಲಿಲ್ಲ. ಬಣ್ಣದ ಗಾಜಿನಿಂದ ಬಿದ್ದ ಕೆಂಪು ಬೆಳಕು ಅವರು ಹೊದ್ದ ಬಿಳಿಯ ಸೀಲೆಯ ಮೇಲೆ ಹರಡಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ಹಿಡಿದು ನೋಡಿದರು. ಪದವಿಯ ದಿನ ನೀನು ಎಲ್ಲಿ ನಿಂತಿದ್ದೆ ಎಂದು ಕೇಳಿದರು. ಎಡವಿದ ಜಾಗ ಯಾವುದೆಂದು ನನಗೆ ನೆನಪಿರಲಿಲ್ಲವಾದ್ದರಿಂದ ಒಂದು ಒಳ್ಳೆಯ ಕಂಬ ನೋಡಿ ತೋರಿಸಿದೆ. ಆ ಕಂಬವನ್ನು ಸವರಿ ಕಣ್ಣಿಗೆ ಒತ್ತಿಕೊಂಡರು. ನಾನು ಗಡಿಯಾರ ನೋಡಿದೆ. ಹತ್ತೂವರೆ. ಇನ್ನೂ ಸಾಲದೆಂದು ಕಡಲ ತಡಿಯ ಮೀನುಮನೆಗೆ ಕರೆದೊಯ್ದೆ. ಅಲ್ಲೊಂದು ಮೀನು ಮಾವನನ್ನೂ ಮಾವ ಆ ಮೀನನ್ನೂ ಬಹಳ ಹೊತ್ತು ನೋಡಿದರು. ಆ ಮೀನಿನ ಉಪಕಾರ ನಾನು ಮರೆಯಲಾರೆ. ದೀಪಸ್ತಂಭದ ಬಾಗಿಲಿಗೆ ಬಂದಾಗ ಹನ್ನೊಂದೂವರೆ ದಾಟಿತ್ತು.

ಬಾಗಿಲಲ್ಲಿ ಬೆಳ್ಳಿಮೀಸೆಯ ಮುದುಕ ಕಾವಲುಗಾರನಿದ್ದ. "ಹೊತ್ತು ಮುಗಿಯಿತು. ನಾಳಿದ್ದು ಬನ್ನಿ" ಎಂದು ತಮಿಳಿನಲ್ಲಿ ಹೇಳಿದ. ಆ ಮಾತು ನನ್ನ ಕಿವಿಗೆ ನಾದಸ್ವರದಂತೆ ಕೇಳಿಸಿತು. ಮುಖದಲ್ಲಿ ಎಷ್ಟಾಗುತ್ತದೋ ಅಷ್ಟು ದುಃಖ ತಂದುಕೊಂಡು, "ಏನು ಮಾಡುವುದು ಮಾವ, ನಮ್ಮ ಅದೃಷ್ಟ" ಎಂದು ತಿರುಗಿದೆ. ಮಾವ ಅಲ್ಲಿರಲಿಲ್ಲ. ಮುಂದೆ ಹೋಗಿ, ಮುದುಕನ ವಯಸ್ಸನ್ನು ಒಂದು ಸಲ ಕಣ್ಣಲ್ಲೇ ಅಂದಾಜು ಮಾಡಿ, ರುಮಾಲು ತೆಗೆದು ಅವನ ಮುಂದೆ ತಲೆ ಬಾಗಿಸಿ ನಿಂತಿದ್ದರು.

ಮುದುಕ ಗಾಬರಿಯಾದ. ನನ್ನತ್ತ ನೋಡಿದ. ನಾನು ಆಕಾಶ ನೋಡಿದೆ. ಮಾವ ಅಲುಗಲಿಲ್ಲ. ಕೈಯಿಡುವವರೆಗೆ ತಲೆ ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಇದು ಆ ಮುದುಕನಿಗೆ ಹೇಗೆ ಗೊತ್ತಾಗಬೇಕು? ಹೋಗುವವರು ನಿಂತು ನೋಡತೊಡಗಿದರು. ಕೊನೆಗೆ ಮುದುಕನ ಕೈ ತಾನಾಗಿಯೇ ಮೇಲೆದ್ದು, ಬಿಸಿ ಪಾತ್ರೆ ಮುಟ್ಟುವಂತೆ ಅಂಜುತ್ತ, ಮಾವನ ನೆತ್ತಿಯ ಮೇಲೆ ಕೂತಿತು. "ನಲ್ಲಾ ಇರಪ್ಪಾ" ಎಂದ, ಚೆನ್ನಾಗಿರು ಎಂದು. ಅಷ್ಟು ವರ್ಷ ಆ ಬಾಗಿಲಲ್ಲಿ ನಿಂತವನಿಗೆ ಯಾರೂ ತಲೆ ಬಾಗಿಸಿರಲಿಕ್ಕಿಲ್ಲ. ಹರಸಿದ ಮೇಲೆ ಬಾಗಿಲು ಹಾಕಿಕೊಳ್ಳುವುದು ಹೇಗೆ? ಬೀಗದ ಕೈ ತೆಗೆದ.

ನಾನು ಹಳಬನಂತೆ ಮುಂದೆ ನಡೆದು, "ಇಲ್ಲಿ ಎಡಕ್ಕೆ ಹತ್ತಬೇಕು ಮಾವ" ಎಂದೆ. ಮೆಟ್ಟಿಲು ಬಲಕ್ಕಿತ್ತು. ಮಾವ ನನ್ನನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿ, "ನೀನು ಬಂದು ಹೋದ ಮೇಲೆ ತಿರುಗಿಸಿರಬೇಕು" ಎಂದು ಹತ್ತತೊಡಗಿದರು. ಬೆಟ್ಟದವರಿಗೆ ಮೆಟ್ಟಿಲೇನು ಲೆಕ್ಕ? ಪಾಠ ಹೇಳಿ ಕೆಟ್ಟ ನಾನೇ ನಡುವೆ ಎರಡು ಸಲ ಕೂತೆ. ಮೇಲೆ ದೀಪವಿದ್ದ ಗಾಜಿನ ಚಿಕ್ಕ ಕೋಣೆ. ದೀಪದವನ ಹೊರತು ಯಾರೂ ಒಳಗೆ ಕಾಲಿಡಕೂಡದೆಂದು ಮುದುಕ ಹೇಳಿದಾಗ ಮಾವನ ಮುಖ ಅರಳಿತು. "ನೋಡಿದೆಯಾ ಅಳಿಯ? ಇಡೀ ಊರಿನಲ್ಲಿ ಹಾಲುಮನೆ ಇರುವುದು ಇದೊಂದಕ್ಕೆ!"

ಆಮೇಲೆ ಕಡಲು ಕಂಡರು. ಮೇಲಿನಿಂದ ನೋಡಿದರೆ ಕಡಲು ಹಿಂದೆ ಹಿಂದೆ ಎತ್ತರಕ್ಕೆ ಏರಿಕೊಂಡು ಹೋದಂತೆ ಕಾಣುತ್ತದೆ. "ನೀರಿನ ಬೆಟ್ಟ! ಜಾರಿ ಊರಿನ ಮೇಲೆ ಬೀಳುವುದಿಲ್ಲವೇ?" ಎಂದು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಹೇಳಬಾರದು, ನನಗೂ ಅದು ಮೊದಲ ಸಲವೇ. ಒಂದು ಗಳಿಗೆ ನಾನು ಯಾಕೆ ಬಂದೆನೆಂಬುದೇ ಮರೆತುಹೋಯಿತು. ಅಷ್ಟರಲ್ಲಿ ಎಲ್ಲೋ ಹನ್ನೆರಡರ ಗಂಟೆ ಹೊಡೆಯಿತು. ಮಾವ ಮೆಲ್ಲಗೆ ಪಡುವಣಕ್ಕೆ ತಿರುಗಿದರು.

ಪಡುವಣದಲ್ಲಿ ತೆಂಗಿನ ಮರ, ಮಾಳಿಗೆಗಳು, ಗಿರಣಿಯ ಕೊಳವೆ, ಅದರಾಚೆ ಬಿಸಿಲಿನ ಮಬ್ಬು. ಮಬ್ಬಿನಾಚೆ ಮಬ್ಬು. ಮಾವ ಹಣೆಗೆ ಕೈಯಡ್ಡ ಹಿಡಿದು ನಿಂತರು. ಅಲ್ಲಿ ನಮ್ಮ ಬೆಟ್ಟದ ಮೇಲೆ ಹೆತ್ತೆ, ಹಟ್ಟಿಯವರೆಲ್ಲ, ಹೊರೆ ಹೊರೆ ಸೊಪ್ಪು. ನನಗೆ ತಡೆಯಲಾಗಲಿಲ್ಲ.

"ಮಾವ, ನಾನೊಂದು ಮಾತು ಹೇಳಬೇಕು. ಆಗ ನಾನು..."

"ಸುಮ್ಮನಿರು. ನೋಡುತ್ತಿದ್ದೇನೆ" ಎಂದರು.

ಬಹಳ ಹೊತ್ತು ನೋಡಿದರು. ಆಮೇಲೆ ರುಮಾಲು ಸುತ್ತಿಕೊಂಡು, "ಇಳಿಯೋಣ, ಹಸಿವು" ಎಂದರು. ಕಂಡಿತೆನ್ನಲಿಲ್ಲ, ಕಾಣಲಿಲ್ಲವೆನ್ನಲಿಲ್ಲ. ಎದುರು ಬೀದಿಯ ಹೋಟೆಲಿನಲ್ಲೂ ಹೇಳಲಿಲ್ಲ, ರೈಲಿನಲ್ಲೂ ಹೇಳಲಿಲ್ಲ. ದಾರಿಯುದ್ದಕ್ಕೂ ತಿಮಿಂಗಿಲದ ಮಾತೇ. ನಾನು ಹಟ್ಟಿ ಮುಟ್ಟುವವರೆಗೆ ಸರಿಯಾಗಿ ಉಸಿರಾಡಿದ ನೆನಪಿಲ್ಲ.

ಸುತ್ತುಕಲ್ಲಿನ ಮೇಲೆ ಎಲ್ಲರೂ ಕಾದಿದ್ದರು. ಹೆತ್ತೆಗೂ ಕಂಬಳಿ ಹಾಸಿ ಕೂರಿಸಿದ್ದರು. "ಏನು ಕಂಡೆಯೋ ನಂಜ?" ಎಂದಳು. ಮಾವ ಗಂಟಲು ಸರಿಮಾಡಿಕೊಂಡರು. ನಾನು ನನ್ನ ಹೆಬ್ಬೆರಳು ನೋಡುತ್ತ ಕೂತೆ.

"ಕಂಡೆ. ನಮ್ಮ ಅಳಿಯ ಹೇಳಿದಂತೆಯೇ ಬೆಟ್ಟ ಕಂಡೆ. ಅದರ ನೆತ್ತಿಯ ಮೇಲೆ ಹೊಗೆ. ಬೆಳ್ಳಗೆ, ನೂಲು ತೆಗೆದಂತೆ."

ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹೆತ್ತೆಯೇ ಹೇಳಿದಳು: "ನಂಜ, ಆ ದಿನ ನಮಗೆ ಬೆಳಿಗ್ಗೆಯಿಂದ ಮಳೆ. ಒಂದು ಕಡ್ಡಿಯೂ ಹತ್ತಲಿಲ್ಲ. ನಾವು ಬೆಂಕಿ ಹಾಕಲೇ ಇಲ್ಲ."

ಮಾವ ರುಮಾಲಿನ ಅಂಚನ್ನು ಒಂದು ಸಲ ಎಳೆದುಕೊಂಡರು. ಆಮೇಲೆ ತೊಡೆ ತಟ್ಟಿ, "ಅದಕ್ಕೇ! ಆಗಲೇ ಅಂದುಕೊಂಡೆ, ಈ ಹೊಗೆ ನಮ್ಮದಲ್ಲ ಅಂತ. ಕೊಂಚ ಬಾಗಿತ್ತು. ಅದು ಕೆಳಹಟ್ಟಿಯವರದು!" ಎಂದರು.

ಆಗ ಎದ್ದಿತು ಗುಲ್ಲು. ಕೆಳಹಟ್ಟಿಯವರಿಗೆ ಸುಳಿವು ಕೊಟ್ಟವರು ಯಾರು? ಮಳೆಯಲ್ಲಿ ಅವರ ಸೊಪ್ಪು ಹೇಗೆ ಹತ್ತಿತು? ಮದರಾಸಿನವರ ಕಣ್ಣಿಗೆ ನಮ್ಮ ಬೆಟ್ಟದ ಮೇಲೆ ಅವರ ಹೊಗೆ ಬೀಳುವುದೆಂದರೆ ಏನರ್ಥ? "ಮಳೆಗಾಲ ಕಳೆಯಲಿ, ಅಳಿಯ ಇನ್ನೊಮ್ಮೆ ಹೋಗಿ ಹತ್ತಲಿ, ಈ ಸಲ ಎರಡರಷ್ಟು ಸೊಪ್ಪು ಹಾಕೋಣ" ಎಂದು ತೀರ್ಮಾನವೂ ಆಯಿತು. ನನ್ನ ಸುಳ್ಳಿನ ಮಾತೇ ಯಾರೂ ಎತ್ತಲಿಲ್ಲ. ಅದು ಆಗಲೇ ಹಳೆಯ ಸತ್ಯವಾಗಿ ಕೂತುಬಿಟ್ಟಿತ್ತು.

ಹೊರಡುವಾಗ ಮಾವ ರಸ್ತೆಯವರೆಗೆ ಬಂದರು. ನಾನು ಟೋಪಿ ತೆಗೆದು ತಲೆ ಬಾಗಿಸಿದೆ. ಅವರ ಕೈ ನೆತ್ತಿಯ ಮೇಲಿರುವಾಗಲೇ ಧೈರ್ಯ ಮಾಡಿ ಕೇಳಿದೆ: "ಮಾವ, ನಿಜ ಹೇಳಿ, ಅಲ್ಲಿ ಏನು ಕಂಡಿರಿ?"

"ಆಗ ನೀನು ಏನು ಕಂಡಿದ್ದೆಯೋ, ಅದೇ" ಎಂದರು. ಕೈಯನ್ನು ಇನ್ನೊಂದು ಚೂರು ಒತ್ತಿದರು.

ಇದೆಲ್ಲ ಆಗಿ ವರ್ಷಗಳಾದವು. ಇದನ್ನು ಬರೆಯಲು ಕೂತಾಗ, ನನ್ನ ಒಗ್ಗರಣೆ ಬೆರೆಯಬಾರದೆಂದು, ಪೆಟ್ಟಿಗೆ ತೆಗೆದು ಆ ಶನಿವಾರದ ಪುಟ ನೋಡಿದೆ. ಅದರಲ್ಲಿ ಇರುವುದಿಷ್ಟು: "ಮಾವನಿಗೆ ಪಟ್ಟಣ ತೋರಿಸಿದೆ. ಕೇಸರಿಬಾತು ಮೊದಲಿನಂತಿಲ್ಲ. ದ್ರಾಕ್ಷಿ ಒಂದೇ." ಹೊಗೆಯ ಸುದ್ದಿಯೇ ಇಲ್ಲ. ಮಾದಿಗೆ ಓದಿ ಹೇಳಿದೆ. ಈ ಪೆಟ್ಟಿಗೆಯನ್ನು ಇನ್ನಾದರೂ ಆಲೂಗಡ್ಡೆಗೆ ಕೊಡಿ ಎಂದಳು. ಕೊಡಬಹುದು. ದಿನಚರಿಯಲ್ಲಿ ಇಲ್ಲದಿದ್ದರೇನಂತೆ, ನನಗೆ ಚೆನ್ನಾಗಿ ನೆನಪಿದೆ: ಬೆಳ್ಳಗೆ, ನೂಲು ತೆಗೆದಂತೆ ಇತ್ತು; ಕೊಂಚ ಬಾಗಿದ್ದೂ ನಿಜ.