ತೀರ್ಥಪ್ರಸಾದನ ತಾಜಾ ಲಿನಕ್ಸ್

"ಇವತ್ತಿನಿಂದ ಈ ಮನೆಯಲ್ಲಿ ಹಳಸಲು ಸಾಫ್ಟ್‌ವೇರಿಗೆ ಜಾಗವಿಲ್ಲ!" ಬೆಳಿಗ್ಗೆ ಆರೂವರೆಗೆ, ಹಲ್ಲುಜ್ಜುವ ಮೊದಲೇ ತೀರ್ಥಪ್ರಸಾದ್ ಘೋಷಿಸಿದ.

ಹೆಂಡತಿ ಯಮುನಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನನ್ನ ಲ್ಯಾಪ್‌ಟಾಪಿಗೆ ಎಂತ ಕಾಯಿಲೆ ಮಾರಾಯ್ರೆ? ಎರಡು ವರ್ಷದಲ್ಲಿ ಒಂದು ದಿನ ಕೆಮ್ಮಿಲ್ಲ."

"ಅದೇ ಕಾಯಿಲೆ! ಅದರಲ್ಲಿರೋದು ಸ್ಟೇಬಲ್ ಲಿನಕ್ಸ್. ಎಲ್ಲ ಎರಡು ವರ್ಷ ಹಳೇದು. ದಿನಾ ಹೊಸದು ಬರುವಂಥದ್ದು ಹಾಕ್ತೇನೆ ನೋಡು. ಕಾವಲಿಯಿಂದ ನೇರ ತಟ್ಟೆಗೆ!"

"ಹನ್ನೊಂದಕ್ಕೆ ಭಾಗಮಂಡಲದಲ್ಲಿ ಬೆಳೆಗಾರರ ಸಭೆ. ಮಾವನ ಮಳೆ ದಾಖಲೆ ನಾನು ಓದಬೇಕು. ಅದು ಅದರೊಳಗೇ ಉಂಟು."

"ಎಂಟರೊಳಗೆ ಮುಗೀತದೆ ಮಾರಾಯ್ತಿ!"

ಆ ದಾಖಲೆ ಮಾವ ಮೊಣ್ಣಪ್ಪ ಶುರು ಮಾಡಿದ್ದು, ಆಮೇಲೆ ಸೊಸೆ ಮುಂದುವರಿಸಿದ್ದು. ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದ ಮಳೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಪುಸ್ತಕಗಳನ್ನು ಗೆದ್ದಲು ತಿಂದ ಮೇಲೆ ಲ್ಯಾಪ್‌ಟಾಪೇ ಗತಿ. ಮಗ ತೀರ್ಥಪ್ರಸಾದ್ ಮಾತ್ರ ಜನ್ಮದಲ್ಲಿ ಮಳೆಮಾಪಕದ ಕಡೆ ತಲೆ ಹಾಕಿದವನಲ್ಲ.

ನೆಟ್‌ವರ್ಕ್ ಸಿಗುವುದು ಜಗಲಿಯ ಮೂಲೆಯಲ್ಲಿ ಮಾತ್ರ, ಅದೂ ಫೋನು ಒಂದು ಗೇಣು ಎತ್ತರ ನಿಂತರೆ. ಮಹಾಶಯ ಅಂಗಳದಿಂದ ಒಂದು ಡಬ್ಬಿ ಎತ್ತಿ, ನೀರು ಚೆಲ್ಲಿ, ಬೋರಲಿಟ್ಟು, ಮೇಲೆ ಫೋನನ್ನು ಪ್ರತಿಷ್ಠಾಪಿಸಿದ. ಹೊಸ ಲಿನಕ್ಸಿನ ಒಂಬೈನೂರು ಪ್ಯಾಕೇಜು ಇಳಿದವು. ಒಂದೊಂದೇ ಇನ್‌ಸ್ಟಾಲ್ ಆಗತೊಡಗಿದವು. ಸರಿಯಾಗಿ ಎಂಟಕ್ಕೆ, ಆರುನೂರ ಹನ್ನೆರಡನೆಯದರ ನಡುವೆ, ಕರೆಂಟು ಹೋಯಿತು! ಲ್ಯಾಪ್‌ಟಾಪಿನ ಬ್ಯಾಟರಿ ತೀರಿಕೊಂಡು ವರ್ಷವಾಗಿತ್ತು.

ಒಂಬತ್ತಕ್ಕೆ ಕರೆಂಟು ಬಂತು. ಲಿನಕ್ಸ್ ಬರಲಿಲ್ಲ. ಕಪ್ಪು ಪರದೆಯಲ್ಲಿ ಒಂದೇ ಒಂದು ಗೆರೆ ಮಿಣುಕುತ್ತಿತ್ತು.

ಯಮುನಾ ಬಗ್ಗಿ ನೋಡಿದಳು. "ಭಾರೀ ತಾಜಾ. ಇನ್ನೂ ಹುಟ್ಟೇ ಇಲ್ಲ!"

ಅಪ್ಪನ ಮೂವತ್ತೊಂದು ಮಳೆಗಾಲವನ್ನು ಮಗ ಒಂದೇ ಬೆಳಿಗ್ಗೆ ನುಂಗಿದ! ತೀರ್ಥಪ್ರಸಾದ್ ಒತ್ತದ ಬಟನ್ನಿಲ್ಲ, ಹೊರದ ಹರಕೆಯಿಲ್ಲ. ಹತ್ತಕ್ಕೆ, ಕಿಟಕಿ ಅಲುಗದಂತೆ ಸಂದಿಗೆ ಸಿಕ್ಕಿಸಿದ್ದ ಹಳೇ ಪೆನ್‌ಡ್ರೈವ್ ಕಣ್ಣಿಗೆ ಬಿತ್ತು. ಅದರಲ್ಲಿತ್ತು ಅದೇ ಹಳಸಲು ಸ್ಟೇಬಲ್! ಚುಚ್ಚಿದ. ಲ್ಯಾಪ್‌ಟಾಪು ಅದರ ಬಲದಿಂದ ಗೊಣಗದೆ ಎದ್ದು ಕೂತಿತು. ದಾಖಲೆ ಪೂರಾ ಲ್ಯಾಪ್‌ಟಾಪಿನಲ್ಲೇ ಭದ್ರವಾಗಿತ್ತು.

"ನೋಡಿದೆಯಾ ನನ್ನ ಕೈಚಳಕ!"

"ನಿನ್ನೆ ತನಕ ಎಲ್ಲ ಉಂಟು. ನಿಮ್ಮ ಗಲಾಟೆಯಲ್ಲಿ ಇವತ್ತಿನ ಮಳೆ ಅಳೆಯೋದೇ ಮರೆತೆ. ಬಂದೆ."

ಅಂಗಳಕ್ಕೆ ಹೋದವಳು ಬರಿಗೈಯಲ್ಲಿ ಬಂದಳು.

"ಮಳೆಮಾಪಕದೊಳಗಿನ ಡಬ್ಬಿ ಎಲ್ಲಿ?"

ಇಬ್ಬರ ಕಣ್ಣೂ ನಿಧಾನಕ್ಕೆ ಜಗಲಿಯ ಮೂಲೆಗೆ ಹೋದವು.

ಸಭೆಯಲ್ಲಿ ಯಮುನಾ ಮೂವತ್ತೊಂದು ವರ್ಷವನ್ನೂ ತಡವರಿಸದೆ ಓದಿದಳು. ಹಿಂದಿನ ಬೆಂಚಿನಲ್ಲಿ ಗಂಡ ಕೊಡೆಯ ಮರೆಯಲ್ಲಿ ಕುಗ್ಗಿ ಕೂತಿದ್ದ. ಕೊನೆಯ ಸಾಲು ಬಂತು.

"ಇಂದು: ಮಳೆ ಬಂದಿದೆ. ಗಂಡ ಚೆಲ್ಲಿದ್ದಾರೆ."